ಸುಳ್ಳು ಹೆಸರಿನ ಕೊಳ

ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅನ್ನುತ್ತಾರಲ್ಲ, ಕೈತಪ್ಪಿದ ಮೀನಿನ ಕತೆಯೂ ಹಾಗೆಯೇ. ಗಾಳ ಹಾಕುವವರ ಮಾತನ್ನು ಯಾವ ದೇಶದಲ್ಲೂ ಯಾರೂ ನಂಬುವುದಿಲ್ಲ. ಇತಿಹಾಸ ಓದುವ ನನಗೆ ಈ ಅಪನಂಬಿಕೆಯೇ ಕುತೂಹಲದ ವಿಷಯ. ಕತ್ತಲಲ್ಲಿ, ಒಬ್ಬಿಬ್ಬರ ಕಣ್ಣೆದುರು ನಡೆದದ್ದು ಎಲ್ಲರೂ ಒಪ್ಪುವ ಸಂಗತಿಯಾಗುವುದು ಹೇಗೆ? ಇಂಗ್ಲೆಂಡಿನ ಒಂದು ಪುಟ್ಟ ಕೊಳದ ದಂಡೆಯಲ್ಲಿ 1952ರ ಒಂದು ವಾರಾಂತ್ಯ ಹಾಗೆ ಆಯಿತು. ಅದರ ಬೆಲೆಯನ್ನು ತೆತ್ತದ್ದು ಮಾತ್ರ ಮೀನು.

ಕೊಳ ಇರುವುದು ವೇಲ್ಸ್ ಗಡಿಗೆ ಹೊಂದಿಕೊಂಡ ಹೆರೆಫರ್ಡ್‌ಶೈರ್‌ನಲ್ಲಿ, ಬರ್ನಿಥನ್ ಎಂಬ ಹಳೆಯ ಮನೆತನದ ಜಮೀನಿನಲ್ಲಿ. ವಿಸ್ತೀರ್ಣ ಮೂರು ಎಕರೆಯಷ್ಟು. ನಮ್ಮ ಕಡೆ ಅದನ್ನು ಕೆರೆ ಅನ್ನುವುದಿಲ್ಲ, ಕಟ್ಟೆ ಅಂದಾರು. ನೀರೊಳಗೆ ಪಾಚಿ ಮತ್ತು ಜೊಂಡು ದಟ್ಟವಾಗಿ ಬೆಳೆಯುತ್ತಿತ್ತು. ಅದನ್ನು ಹತೋಟಿಗೆ ತರಲೆಂದು 1934ರಲ್ಲಿ ಐವತ್ತು ಕಾರ್ಪ್ ಮರಿಗಳನ್ನು ತಂದು ಬಿಟ್ಟರು. ನಮ್ಮ ಮೀನುಗಾರಿಕೆ ಇಲಾಖೆಯವರು ಸಾಮಾನ್ಯ ಗೆಂಡೆ ಅನ್ನುವ ಮೀನು ಇದೇ. ಭಾರತಕ್ಕೆ ಇದು 1939ರಲ್ಲಿ ಸಿಲೋನಿನಿಂದ ಊಟಿಗೆ ಬಂತು. ಗೆಂಡೆ ತಳದ ಕೆಸರನ್ನು ಕೆದಕಿ ಮೇಯುತ್ತದೆ. ನೀರು ಕದಡುತ್ತದೆ, ಬಿಸಿಲು ಒಳಗಿಳಿಯುವುದಿಲ್ಲ, ಕಳೆ ಸೊರಗುತ್ತದೆ ಎಂಬುದು ಲೆಕ್ಕಾಚಾರ. ಕಳೆ ಮುಗಿಯಲಿಲ್ಲ. ಅದರ ನಡುವಿನ ಬಸವನಹುಳು, ಕೀಟದ ಮರಿಗಳನ್ನು ತಿಂದು ಗೆಂಡೆಗಳು ಮಾತ್ರ ಯಾರ ಕಣ್ಣಿಗೂ ಬೀಳದೆ ಬೆಳೆದವು.

ಆ ಕಾಲದ ಇಂಗ್ಲೆಂಡಿನಲ್ಲಿ ದೊಡ್ಡ ಗೆಂಡೆಯನ್ನು ಗಾಳದಿಂದ ಹಿಡಿಯುವುದು ಆಗದ ಮಾತು ಎಂಬ ನಂಬಿಕೆಯಿತ್ತು. 1930ರಲ್ಲಿ ಆಲ್ಬರ್ಟ್ ಬಕ್ಲಿ ಹಿಡಿದ 26 ಪೌಂಡಿನ ಮೀನೇ ಎರಡು ದಶಕ ದಾಖಲೆಯಾಗಿ ಉಳಿದಿತ್ತು. 'ಬಿಬಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡೆನಿಸ್ ವಾಟ್ಕಿನ್ಸ್ ಪಿಚ್‌ಫರ್ಡ್ 1950ರಲ್ಲಿ ಗೆಂಡೆಯ ಬೆನ್ನು ಹತ್ತಿದವರ ಬಗ್ಗೆಯೇ ಒಂದು ಪುಸ್ತಕ ತಂದರು. ಇವರು ಮಕ್ಕಳ ಕಾದಂಬರಿಗಾಗಿ ಕಾರ್ನೆಗಿ ಪದಕ ಪಡೆದ ಲೇಖಕ, ಜೊತೆಗೆ ಚಿತ್ರಕಾರ. ಇವರ ಸುತ್ತ ಕೂಡಿದ ಕೆಲವರು ಕಾರ್ಪ್ ಕ್ಯಾಚರ್ಸ್ ಕ್ಲಬ್ ಮಾಡಿಕೊಂಡರು. ಅದು ನಡೆದದ್ದು ಮುಖ್ಯವಾಗಿ ಅಂಚೆಯಲ್ಲಿ: ಯಾವ ನೀರಿನಲ್ಲಿ ಏನು ಕಂಡಿತು, ಯಾವ ಎರೆಗೆ ಮೀನು ಮೂತಿ ತಿರುಗಿಸಿತು ಎಂಬ ಕಾಗದಗಳು ಒಬ್ಬರಿಂದ ಒಬ್ಬರಿಗೆ ಹೋಗುತ್ತಿದ್ದವು. ಸದಸ್ಯರಿಬ್ಬರ ಪತ್ರವ್ಯವಹಾರ 1953ರಲ್ಲಿ 'ಡ್ರಾಪ್ ಮಿ ಎ ಲೈನ್' ಎಂಬ ಪುಸ್ತಕವೇ ಆಯಿತು. ಗಾಳದ ದಾರಕ್ಕೂ ಬರವಣಿಗೆಯ ಸಾಲಿಗೂ ಇಂಗ್ಲಿಷಿನಲ್ಲಿ ಒಂದೇ ಪದವಾದ್ದರಿಂದ ಆ ಹೆಸರು. ನನ್ನ ಮಟ್ಟಿಗೆ ಈ ಕತೆಯ ನಿಜವಾದ ಸಾಧನೆ ಈ ಕಾಗದಗಳೇ. ತನಗೆ ತಿಳಿದದ್ದನ್ನು ಬಚ್ಚಿಡುವುದು ಗಾಳದವರ ಹುಟ್ಟುಗುಣ. ಇವರು ಬರೆದು ಹಂಚಿಕೊಂಡರು.

ಇವರಲ್ಲಿ ಮುಖ್ಯನಾದವನು ರಿಚರ್ಡ್ ವಾಕರ್. ಹುಲ್ಲು ಕತ್ತರಿಸುವ ಯಂತ್ರದ ಕಂಪನಿಯಲ್ಲಿದ್ದ ಎಂಜಿನಿಯರ್, ಯುದ್ಧಕಾಲದಲ್ಲಿ ರೇಡಾರ್ ಕೆಲಸ ಮಾಡಿದ್ದವನು. 1951ರ ಅಕ್ಟೋಬರ್‌ನಲ್ಲಿ ಬಾಬ್ ರಿಚರ್ಡ್ಸ್ ಬರ್ನಿಥನ್ ಕೊಳದಲ್ಲಿ 31 ಪೌಂಡಿಗೂ ಮೀರಿದ ಗೆಂಡೆ ಹಿಡಿದ ಸುದ್ದಿ ತಲುಪಿದ್ದೇ ಕ್ಲಬ್ಬಿನವರು ಅಲ್ಲಿಗೆ ದಾರಿ ಮಾಡಿಕೊಂಡರು. ಜನ ಮುತ್ತದಿರಲೆಂದು ವಾಕರ್ ಅದಕ್ಕೆ 'ರೆಡ್‌ಮೈರ್' ಎಂಬ ಸುಳ್ಳು ಹೆಸರಿಟ್ಟ. ಇವತ್ತು ನಿಜವಾದ ಹೆಸರು ಹೇಳಿದರೆ ಗಾಳದವರಿಗೇ ಗುರುತು ಹತ್ತುವುದು ಕಷ್ಟ.

1952ರ ಸೆಪ್ಟೆಂಬರ್ ನಡುವಿನ ವಾರಾಂತ್ಯಕ್ಕೆ ವಾಕರ್ ತನ್ನ ಗೆಳೆಯ ಪೀಟರ್ ಥಾಮಸ್ ಜೊತೆ ಅಲ್ಲಿಗೆ ಹೋದ. ಸೀಳಿದ ಬಿದಿರನ್ನು ಅಂಟಿಸಿ ಮಾಡಿದ ಕೋಲು ಅವನದೇ ವಿನ್ಯಾಸ. ಎರೆಯೆಂದರೆ ಬ್ರೆಡ್ಡು: ನಾದಿದ ಉಂಡೆ, ಜೊತೆಗೆ ಒಣ ಅಂಚಿನ ಚೂರು. ಉಂಡೆ ಮುಳುಗುತ್ತದೆ, ಚೂರು ತೇಲಿಸುತ್ತದೆ. ಎರಡೂ ಸೇರಿ ಎರೆ ಪಾಚಿಯೊಳಗೆ ಹೂತುಹೋಗದೆ ಮೇಲೆ ಹಗುರವಾಗಿ ಕೂರುತ್ತದೆ. (ಸಕ್ಕರೆ, ಮಾಂಸ ಇನ್ನೂ ರೇಷನ್ನಿನಲ್ಲಿದ್ದ ವರ್ಷವದು. ಬ್ರೆಡ್ಡು ಆ ಪಟ್ಟಿಯಿಂದ ಹೊರಬಂದು ನಾಲ್ಕೇ ವರ್ಷವಾಗಿತ್ತು.) ಕತ್ತಲಲ್ಲಿ ಬೆಂಡು ಕಾಣುವುದಿಲ್ಲವಲ್ಲ, ಅದಕ್ಕೆ ವಾಕರ್ ದಾರ ಎಳೆದಾಗ ಸದ್ದು ಮಾಡುವ ವಿದ್ಯುತ್ ಗಂಟೆಯೊಂದನ್ನು ರೂಪಿಸಿದ್ದ. 13ನೇ ತಾರೀಕು, ಶನಿವಾರ, ಬೆಳಕು ಹರಿಯುವ ಮೊದಲು ಅದು ಕೂಗಿತು. ಮೇಲೆ ಬಂದ ಗೆಂಡೆಯ ತೂಕ 44 ಪೌಂಡ್, ಅಂದರೆ ಇಪ್ಪತ್ತು ಕಿಲೋ. ಹನ್ನೊಂದು ತಿಂಗಳ ಹಿಂದಿನ ದಾಖಲೆಗಿಂತ ಸುಮಾರು ಹದಿಮೂರು ಪೌಂಡ್ ಹೆಚ್ಚು.

ಆಗಿನ ರೂಢಿಯಲ್ಲಿ ಇಂಥ ಮೀನನ್ನು ಕೊಂದು, ಹೊಟ್ಟು ತುಂಬಿಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಗೋಡೆಗೆ ತೂಗುಹಾಕುತ್ತಿದ್ದರು. ವಾಕರ್ ಹಾಗೆ ಮಾಡದೆ ಲಂಡನ್ ಮೃಗಾಲಯಕ್ಕೆ ತಿಳಿಸಿದ. ಅಲ್ಲಿನವರು ಮೀನನ್ನು ಜೀವಂತ ಒಯ್ದರು. ಇನ್ನು ಯಾರೂ ಸುಳ್ಳು ಅನ್ನುವಂತಿರಲಿಲ್ಲ. ಟಿಕೆಟ್ ಕೊಂಡವರೆಲ್ಲ ಸಾಕ್ಷಿಗಳು. ಅದಕ್ಕೆ ಕ್ಲಾರಿಸ್ಸಾ ಎಂಬ ಹೆಸರೂ ಬಂತು. 1971ರಲ್ಲಿ ಸತ್ತಿತು. 1934ರ ಐವತ್ತು ಮರಿಗಳಲ್ಲಿ ಇದೂ ಒಂದು ಎಂದಿಟ್ಟುಕೊಂಡರೆ ಅರ್ಧ ಆಯಸ್ಸು ಜೊಂಡಿನ ನಡುವೆ, ಅರ್ಧ ಗಾಜಿನ ಹಿಂದೆ. ವಾಕರ್‌ನನ್ನು ದೂರಲು ನನಗೆ ಮನಸ್ಸಿಲ್ಲ. ಅವನ ಕಾಲಕ್ಕೆ ಅದು ದಯೆಯೇ. ಆದರೂ ಒಬ್ಬ ಮನುಷ್ಯನ ಮಾತು ನಿಜವೆಂದು ತೋರಿಸಲು ಒಂದು ಜೀವ ಹತ್ತೊಂಬತ್ತು ವರ್ಷದ ಹತ್ತಿರ ತೊಟ್ಟಿಯಲ್ಲಿ ಈಜಿತೆಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಹೋಲಿಕೆಗೆ ನಮ್ಮದೇ ಒಂದು ಗ್ರಂಥ ನೆನಪಾಗುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವಿದೆ. ಮೀನುಗಳ ಬಗೆಗಳು, ಯಾವುದಕ್ಕೆ ಯಾವ ಆಹಾರ, ಕೋಲು, ದಾರ, ಗಾಳ ಎಲ್ಲವನ್ನೂ ಅಲ್ಲಿ ಹೇಳಿದೆ. ಮೀನನ್ನು ಹಿಡಿಯುವ ಮೊದಲು ಬಲ್ಲವನಾಗಬೇಕೆಂಬ ಮಾತಿನಲ್ಲಿ ಸೋಮೇಶ್ವರನೂ ವಾಕರನೂ ಒಂದೇ ದಂಡೆಯವರು. ಆದರೆ ದೊರೆಗೆ ಸಾಕ್ಷಿಯ ಹಂಗಿರಲಿಲ್ಲ. ಅವನ ವಿನೋದವನ್ನು ಸುಳ್ಳು ಅನ್ನುವ ಧೈರ್ಯ ಯಾರಿಗಿತ್ತು?

ವಾಕರ್ 1953ರಲ್ಲಿ 'ಸ್ಟಿಲ್‌ವಾಟರ್ ಆ್ಯಂಗ್ಲಿಂಗ್' ಬರೆದ. ಅದನ್ನು ಓದಿ ಗಾಳ ಹಿಡಿದವರಿಗೆ ಲೆಕ್ಕವಿಲ್ಲ. ಅವನ ದಾಖಲೆಯ ತೂಕವನ್ನು ಮೀರಿಸಲು ಇಪ್ಪತ್ತೆಂಟು ವರ್ಷ ಬೇಕಾಯಿತು. ಅದೂ ಅದೇ ಮೂರು ಎಕರೆಯಲ್ಲಿ. 1980ರ ಜೂನ್ 16ರಂದು, ಹಂಗಾಮು ತೆರೆದ ಮೊದಲ ದಿನವೇ, ಲೇಖಕ ಕ್ರಿಸ್ ಯೇಟ್ಸ್ ಮುಸುಕಿನ ಜೋಳದ ಕಾಳಿಗೆ 51 ಪೌಂಡಿಗೂ ಮೀರಿದ ಗೆಂಡೆಯೊಂದನ್ನು ಹಿಡಿದರು. ತೂಗಿದರು, ಚಿತ್ರ ತೆಗೆಸಿಕೊಂಡರು, ಮತ್ತೆ ಅದೇ ನೀರಿಗೆ ಬಿಟ್ಟರು.