ತಾಂತ್ರಿಕ ವಿದ್ಯೆಯಲ್ಲಿ ಸ್ತ್ರೀಯರು: ಎಂಟು ದಶಕಗಳ ಸಮೀಕ್ಷೆ

ಸ್ತ್ರೀಯರು ಎಂಜಿನಿಯರಿಂಗ್ ವಿದ್ಯೆಯತ್ತ ಒಲಿದದ್ದು ಕಂಪ್ಯೂಟರು ಬಂದ ಮೇಲೆಯೇ, ಅದಕ್ಕೆ ಮುನ್ನ ಅವರಿಗೆ ಈ ಕ್ಷೇತ್ರದಲ್ಲಿ ಅಭಿರುಚಿಯಿರಲಿಲ್ಲ ಎಂಬ ಮಾತು ಈಚೆಗೆ ಸಭೆ ಸಮಾರಂಭಗಳಲ್ಲಿ ಧಾರಾಳವಾಗಿ ಕೇಳಿಬರುತ್ತಿದೆ; ಹೆಣ್ಣುಮಕ್ಕಳ ಹಿತವನ್ನು ಮನಃಪೂರ್ವಕವಾಗಿ ಬಯಸುವವರೂ ಇದನ್ನೇ ನಂಬಿ, ಅವರ ಮನಸ್ಸಿಗೆ ಧೈರ್ಯ ತುಂಬಿದರೆ ಸಾಕೆಂದು ಭಾವಿಸುತ್ತಾರೆ. ಸಿವಿಲ್ ಎಂಜಿನಿಯರಿಂಗನ್ನು ಕಲಿಯುವುದರಲ್ಲಿಯೂ ಕಲಿಸುವುದರಲ್ಲಿಯೂ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಈ ಚರಿತ್ರೆ ಬೇರೆಯಾಗಿಯೇ ಕಾಣುತ್ತದೆ.

ಆದಿಘಟ್ಟವನ್ನು ಸಂಕ್ಷೇಪವಾಗಿ ಹೇಳಬಹುದು. ಮದರಾಸಿನ ಗಿಂಡಿ ಕಾಲೇಜಿಗೆ 1940ರಲ್ಲಿ ಸೇರಿದ ಎ. ಲಲಿತಾ ಹದಿನೆಂಟರಲ್ಲಿಯೇ ವಿಧವೆಯಾಗಿ, ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು, ವಿದ್ಯುತ್ ವಿಭಾಗದಲ್ಲಿ ಪದವಿ ಪಡೆದವರು; ಅವರ ಹಿಂದೆಯೇ ಬಂದ ಪಿ. ಕೆ. ತ್ರೇಸಿಯಾ 1971ರಲ್ಲಿ ಕೇರಳದ ಲೋಕೋಪಯೋಗಿ ಇಲಾಖೆಯ ಚೀಫ್ ಎಂಜಿನಿಯರ್ ಆದರು. ವಂಗದೇಶದ ಶಿಬಪುರದಿಂದ ಇಳಾ ಮಜುಂದಾರ್ 1951ರಲ್ಲಿ ಮೆಕ್ಯಾನಿಕಲ್ ಪದವೀಧರೆಯಾಗಿ ಹೊರಬಂದರು.

ನಮ್ಮ ನಾಡಿನಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು 1917ರಲ್ಲಿಯೇ ಸ್ಥಾಪಿತವಾಗಿದ್ದರೂ, ಈ ಪಥದಲ್ಲಿ ಮೊದಲು ಬಹುದೂರ ನಡೆದ ಕನ್ನಡತಿ ರಾಜೇಶ್ವರಿ ಚಟರ್ಜಿಯವರು ಬಂದದ್ದು ಗಣಿತದ ಮಾರ್ಗವಾಗಿ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗವನ್ನು ಸೇರಿ, ಸರ್ಕಾರದ ವಿದ್ಯಾರ್ಥಿವೇತನದಿಂದ ಅಮೆರಿಕದ ಮಿಷಿಗನ್ನಿಗೆ ತೆರಳಿ, ಡಾಕ್ಟರೇಟ್ ಪಡೆದು 1953ರಲ್ಲಿ ಅದೇ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿದ ಅವರು, ಪತಿಯೊಡನೆ ಮೈಕ್ರೋವೇವ್ ಸಂಶೋಧನೆಗೆ ಇಲ್ಲಿ ಅಡಿಪಾಯ ಹಾಕಿದರು. ಅವರ ಸಾಧನೆಯಲ್ಲಿ ಪ್ರತಿಭೆಯ ಪಾಲೆಷ್ಟೋ, ಸಕಾಲದಲ್ಲಿ ದೊರೆತ ವಿದ್ಯಾರ್ಥಿವೇತನದ ಮತ್ತು ಮರಳಿದಾಗ ಸಿದ್ಧವಾಗಿದ್ದ ಉದ್ಯೋಗದ ಪಾಲೂ ಅಷ್ಟೇ ಎಂಬುದನ್ನು ಅವರನ್ನು ಹೊಗಳುವವರು ಮರೆಯುತ್ತಾರೆ.

ಇನ್ನು ನಮ್ಮ ಪೀಳಿಗೆ. ಎಪ್ಪತ್ತರ ದಶಕದಲ್ಲಿ ತರಗತಿಗೆ ಒಬ್ಬಿಬ್ಬರಂತೆ ಇದ್ದ ನಾವು ಸರ್ವೆ ಕ್ಯಾಂಪಿನಲ್ಲಿ ಎಲ್ಲರಂತೆ ಸರಪಳಿ ಎಳೆದೆವು. ತಿರುಪುಗಳನ್ನು ಹದವಾಗಿ ತಿರುಗಿಸಿ ಗುಳ್ಳೆಯನ್ನು ನಡುವಿಗೆ ತಂದು, ಲೆವೆಲಿನ ದುರ್ಬೀನಿನಲ್ಲಿ ತಲೆಕೆಳಗಾಗಿ ಕಾಣುವ ಸ್ಟಾಫಿನ ಅಂಕಿಗಳನ್ನು ಓದಿ, ಫೀಲ್ಡ್ ಬುಕ್ಕಿನಲ್ಲಿ ಬರೆದು, ಹೊರಟ ಬೆಂಚ್ ಮಾರ್ಕಿಗೇ ಸಂಜೆ ಹಿಂದಿರುಗಿದಾಗ ಲೆಕ್ಕದಲ್ಲಿ ಉಳಿದ ವ್ಯತ್ಯಾಸ ಕೆಲವೇ ಮಿಲಿಮೀಟರುಗಳಾಗಿದ್ದರೆ, ಓದಿದವರು ಹೆಣ್ಣೋ ಗಂಡೋ ಎಂದು ಯಾರೂ ಕೇಳುವಂತಿರಲಿಲ್ಲ. ಆ ಪ್ರಶ್ನೆ ಎದ್ದದ್ದು ಉದ್ಯೋಗ ಅರಸಿ ಹೊರಟಾಗ. ಸ್ತ್ರೀಯರು ಅರ್ಜಿ ಹಾಕಬೇಕಾಗಿಲ್ಲವೆಂಬ ಜಾಹೀರಾತನ್ನು ಕಂಡು, ಹುಬ್ಬಳ್ಳಿಯ ಭೂಮರಡ್ಡಿ ಕಾಲೇಜಿನಲ್ಲಿ ಓದಿದ್ದ ಸುಧಾ ಮೂರ್ತಿಯವರು 1974ರಲ್ಲಿ ಜೆ. ಆರ್. ಡಿ. ಟಾಟಾ ಅವರಿಗೆ ಬರೆದ ಕಾರ್ಡು ಇಂದು ಮನೆಮಾತು. ಆದರೆ ಅಂಥ ಜಾಹೀರಾತನ್ನು ಓದಿ ಸುಮ್ಮನಾದವರ ಕಥೆಯನ್ನು ಯಾರೂ ಬರೆದಿಲ್ಲ. 1948ರ ಕಾರ್ಖಾನೆ ಕಾಯಿದೆ ರಾತ್ರಿ 7ರಿಂದ ಬೆಳಗಿನ 6ರವರೆಗೆ ಸ್ತ್ರೀಯರ ದುಡಿಮೆಯನ್ನು ನಿಷೇಧಿಸಿತ್ತು. 1952ರ ಗಣಿ ಕಾಯಿದೆ ಅವರು ನೆಲದಡಿಯಲ್ಲಿ ಕೆಲಸಮಾಡುವುದನ್ನೇ ತಡೆದಿತ್ತು. ಶ್ರಮಜೀವಿ ಸ್ತ್ರೀಯರ ರಕ್ಷಣೆಗೆಂದು ಹುಟ್ಟಿದ ಈ ನಿಯಮಗಳು, ಪಾಳಿಯ ಕೆಲಸವಿದ್ದೆಡೆಯಲ್ಲೆಲ್ಲ ಎಂಜಿನಿಯರ್ ಹೆಣ್ಣುಮಗಳನ್ನು ಬೇಡವೆನ್ನುವುದಕ್ಕೆ ಒಳ್ಳೆಯ ನೆಪಗಳಾದವು. ಗಣಿಯ ನಿರ್ಬಂಧವೂ ನಮ್ಮ ರಾಜ್ಯದ ಕಾರ್ಖಾನೆಗಳ ರಾತ್ರಿಪಾಳಿಯ ನಿರ್ಬಂಧವೂ ಸಡಿಲವಾದದ್ದು 2019ರಲ್ಲಿ.

ಈ ಹಿನ್ನೆಲೆಯಲ್ಲಿ ತೊಂಬತ್ತರ ದಶಕವನ್ನು ನೋಡಬೇಕು. 1994ರಿಂದ ಸಿಇಟಿ ರ‍್ಯಾಂಕಿನ ಮೇಲೆ ಸೀಟು ಹಂಚುವ ಕ್ರಮ ಬಂದಾಗ, ಮಗನಿಗಾದರೆ ಹೊಲ ಮಾರಿಯಾದರೂ ಕ್ಯಾಪಿಟೇಷನ್ ಕಟ್ಟುತ್ತಿದ್ದ ಮನೆಗಳಲ್ಲಿ ಮಗಳ ಅಂಕಗಳಿಗೂ ಬೆಲೆ ಬಂದಿತು. ಸಾಫ್ಟ್‌ವೇರ್ ಕಚೇರಿಗಳು ವಾಹನ, ಶೌಚಾಲಯ, ಭದ್ರತೆಗಳನ್ನು ಒದಗಿಸಿದವು. ಹೆಣ್ಣುಮಕ್ಕಳು ಬಂದದ್ದು ಕಂಪ್ಯೂಟರಿನ ಮೋಹದಿಂದಲ್ಲ, ಈ ಅನುಕೂಲಗಳಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ಐಐಟಿಗಳಲ್ಲಿ 2016ರಲ್ಲಿ ಶೇಕಡ 8ರಷ್ಟಿದ್ದ ವಿದ್ಯಾರ್ಥಿನಿಯರ ಪ್ರಮಾಣ, 2018ರಲ್ಲಿ ಅವರಿಗೆಂದೇ ಹೆಚ್ಚುವರಿ ಸೀಟುಗಳನ್ನು ಕೊಟ್ಟ ಬಳಿಕ, 2020ರ ವೇಳೆಗೆ ಶೇಕಡ 20ರ ಆಸುಪಾಸಿಗೆ ಏರಿದುದೂ ಇದಕ್ಕೆ ಸಾಕ್ಷಿ. ಅನುಭವಕ್ಕೆ ತಕ್ಕ ಅಧಿಕಾರ ಕೊಟ್ಟಲ್ಲಿ ಇಸ್ರೋದ ಟಿ. ಕೆ. ಅನುರಾಧಾ 2011ರ ಜಿಸ್ಯಾಟ್-12 ಉಪಗ್ರಹಕ್ಕೂ, ಎಂ. ವನಿತಾ ಚಂದ್ರಯಾನ-2ಕ್ಕೂ ಯೋಜನಾ ನಿರ್ದೇಶಕಿಯರಾದರು.

ಆದರೆ ಉಪಗ್ರಹದ ವಾರ್ತೆಗೆ ದೊರೆಯುವ ಪ್ರಕಾಶ ನಾಲೆಯ ತೂಬಿಗೆ ದೊರೆಯದು. ನೀರಾವರಿ, ಲೋಕೋಪಯೋಗಿ, ವಿದ್ಯುತ್ ಇಲಾಖೆಗಳಲ್ಲಿ ದುಡಿದ ಕನ್ನಡತಿಯರ ಚರಿತ್ರೆ ಇನ್ನೂ ಗ್ರಂಥರೂಪಕ್ಕೆ ಬಂದಿಲ್ಲ. ಕಾಮಗಾರಿಯ ಸ್ಥಳದಲ್ಲಿ ಶೌಚಾಲಯ, ತಾಲ್ಲೂಕು ಕೇಂದ್ರದಲ್ಲಿ ವಸತಿಗೃಹ, ಹೆರಿಗೆಯ ರಜೆಯಿಂದ ಮರಳಿದವಳಿಗೆ ಕಡತದ ಮೇಜಲ್ಲದೆ ಮತ್ತೆ ಕ್ಷೇತ್ರದ ಹೊಣೆ, ಇವು ಇಂದಿಗೂ ಎಲ್ಲೆಡೆ ದೊರೆಯುತ್ತಿಲ್ಲ. ಉತ್ತೇಜನವೆಂಬುದು ಹುಡುಗಿಯರೆದುರು ಮಾಡುವ ಭಾಷಣವಾಗದೆ, ಟೆಂಡರಿನ ಷರತ್ತಿನಲ್ಲಿಯೂ ಇಲಾಖೆಯ ವರ್ಗಾವಣೆಯ ಆದೇಶದಲ್ಲಿಯೂ ಬರಹಕ್ಕಿಳಿಯಬೇಕು. ಅವರು ಬರುವರೋ ಇಲ್ಲವೋ ಎಂಬ ಸಂದೇಹಕ್ಕೆ ಎಂಟು ದಶಕಗಳ ಅನುಭವ ಅವಕಾಶವನ್ನೇ ಉಳಿಸಿಲ್ಲ.