ಕಾವಿನ ಕಥೆ

ಹುಲ್ಲು ಹಾಸಿದ ಬುಟ್ಟಿಯಲ್ಲಿ ಹೇಂಟೆಯೊಂದು ಕಾವಿಗೆ ಕುಳಿತಿರುವುದನ್ನು ಹಳ್ಳಿಯ ಸಂಬಂಧವುಳ್ಳವರೆಲ್ಲರೂ ಕಂಡೇ ಇರುತ್ತಾರೆ. ಸಮೀಪಕ್ಕೆ ಹೋದರೆ ಗರಿ ಕೆದರಿ ಕುಕ್ಕಲು ಬರುತ್ತದೆ. ದಿನಕ್ಕೊಮ್ಮೆ ಎದ್ದು ನಾಲ್ಕು ಕಾಳು ತಿಂದು, ನೀರು ಕುಡಿದು, ಮತ್ತೆ ಮೊಟ್ಟೆಗಳ ಮೇಲೆಯೇ ಕೂರುತ್ತದೆ. ಇಪ್ಪತ್ತೊಂದು ದಿನಗಳ ಈ ವ್ರತವನ್ನು ಕೋಳಿಯಿಂದ ಬಿಡಿಸಿ ತಾನೇ ವಹಿಸಿಕೊಳ್ಳಬೇಕೆಂದು ಮನುಷ್ಯನು ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಹೆಣಗಿದ್ದಾನೆ. ಆ ಹೆಣಗಾಟದ ಚರಿತ್ರೆಯನ್ನೂ ಅದರಲ್ಲಿ ಕೋಳಿ ಕಳೆದುಕೊಂಡುದನ್ನೂ ಈ ಹೊತ್ತು ವಿಚಾರ ಮಾಡೋಣ.

ಈ ಚರಿತ್ರೆಯ ಮುಖ್ಯ ರಂಗಸ್ಥಳ ಈಜಿಪ್ಟ್ ದೇಶ. ಆದರೆ ಕೋಳಿಯು ಆ ದೇಶದ್ದಲ್ಲ. ಅದು ನಮ್ಮ ಪೂರ್ವದ ಕಡೆಯ ಕೆಂಪು ಕಾಡುಕೋಳಿಯ ಸಂತತಿ. ಸಾಕಿದ ಕೋಳಿಯದೆಂದು ನಿಶ್ಚಯವಾಗಿ ಹೇಳಬಹುದಾದ ಅತ್ಯಂತ ಹಳೆಯ ಎಲುಬುಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿಯವೆಂದೂ, ಕ್ರಿ. ಪೂ. 1650 ರಿಂದ 1250 ರ ನಡುವಣ ಕಾಲದವೆಂದೂ 2022 ರಲ್ಲಿ ಪಂಡಿತರು ನಿರ್ಣಯಿಸಿದರು. ಮಹಾ ಪಿರಮಿಡ್ಡುಗಳನ್ನು ಕಟ್ಟಿದವರು ಬಾತುಗಳನ್ನು ಬಲ್ಲವರೇ ಹೊರತು ಕೋಳಿ ಸಾಕಿದವರಲ್ಲವೆಂದಾಯಿತು. ಕ್ರಿ. ಪೂ. ನಾಲ್ಕನೆಯ ಶತಮಾನದ ಅರಿಸ್ಟಾಟಲನು ಈಜಿಪ್ಟಿನಲ್ಲಿ ಮೊಟ್ಟೆಗಳನ್ನು ಗೊಬ್ಬರದ ರಾಶಿಯಲ್ಲಿ ಹುಗಿದು ಮರಿಮಾಡುವುದುಂಟೆಂದು ಹೇಳಿದ್ದಾನೆ. ಮೂರು ಶತಮಾನಗಳ ತರುವಾಯ ಡಿಯೋಡೋರಸನೂ ಅಲ್ಲಿಯವರ ಈ ಕೈಚಳಕವನ್ನು ಕಂಡು ಬೆರಗಾದನು.

ಮುಂದೆ ಆ ಗೊಬ್ಬರದ ರಾಶಿಯ ಸ್ಥಾನಕ್ಕೆ ಕಟ್ಟಡವೇ ಬಂದಿತು. ಅದನ್ನು ಕಾವುಮನೆಯೆಂದು ಕರೆಯೋಣ. ಮಣ್ಣಿನ ಇಟ್ಟಿಗೆಯ ದಪ್ಪ ಗೋಡೆಗಳು. ನಡುವೆ ಒಂದು ಇಕ್ಕಟ್ಟಾದ ಓಣಿ. ಓಣಿಯ ಎರಡು ಪಕ್ಕಗಳಲ್ಲಿಯೂ ಎರಡೆರಡು ಅಂತಸ್ತಿನ ಸಣ್ಣ ಕೋಣೆಗಳ ಸಾಲು. ಕೆಳಗಿನ ಕೋಣೆಯಲ್ಲಿ ಸಹಸ್ರಾರು ಮೊಟ್ಟೆಗಳು. ಮೇಲಿನದರಲ್ಲಿ ಒಣಸಗಣಿ ಮತ್ತು ಹುಲ್ಲಿನ ಮಂದಬೆಂಕಿ. ಆಳು ಬಗ್ಗಿ ಒಳಹೊಕ್ಕು ಮೊಟ್ಟೆಗಳನ್ನು ದಿನವೂ ಹೊರಳಿಸಬೇಕು. ಸುಮಾರು ಎರಡು ವಾರಗಳಾಗುವುದರೊಳಗೆ ಬೆಂಕಿಯನ್ನು ಆರಿಸಿಬಿಡುತ್ತಿದ್ದರು. ಇದು ಹುಚ್ಚೆಂದು ತೋರಬಹುದು. ಆದರೆ ಅಷ್ಟು ಹೊತ್ತಿಗೆ ಮೊಟ್ಟೆಯೊಳಗಿನ ಜೀವ ಬೆಳೆದು ತಾನೇ ಶಾಖವನ್ನು ಹುಟ್ಟಿಸತೊಡಗುತ್ತದೆ. ಸಾವಿರ ಮೊಟ್ಟೆಗಳು ಒಟ್ಟಿಗಿದ್ದರೆ ಒಂದಕ್ಕೊಂದು ಕಾವು ಕೊಟ್ಟುಕೊಳ್ಳುತ್ತವೆ. ಶರೀರಶಾಸ್ತ್ರದ ಈ ತತ್ತ್ವವನ್ನು ಅಕ್ಷರ ಬಾರದ ಆ ಜನ ಅನುಭವದಿಂದ ಅರಿತಿದ್ದರು.

ಶಾಖವೆಷ್ಟಿರಬೇಕೆಂದು ತಿಳಿಯುವುದು ಹೇಗೆ? ಮೊಟ್ಟೆಯನ್ನೆತ್ತಿ ಮುಚ್ಚಿದ ಕಣ್ಣಿನ ರೆಪ್ಪೆಗೆ ತಾಗಿಸಿ ನೋಡುತ್ತಿದ್ದರು. ಬೆಚ್ಚಗಿದ್ದು ಹಿತವಾದರೆ ಸರಿ, ಚುರುಕೆಂದರೆ ತಪ್ಪು. ಅಷ್ಟೇ ಅವರ ಉಷ್ಣಮಾಪಕ. ನೈಲ್ ನದಿಯ ಮುಖಜಭೂಮಿಯ ಬೆರ್ಮಾ ಎಂಬ ಹಳ್ಳಿಯವರು ಈ ವಿದ್ಯೆಯನ್ನು ತಂದೆಯಿಂದ ಮಗನಿಗೆ ಮಾತ್ರ ಕಲಿಸುತ್ತಾ, ಹೊರಗಿನವರಿಗೆ ಬಿಟ್ಟುಕೊಡದೆ ಕಾಪಾಡಿಕೊಂಡಿದ್ದರೆಂದು ಹದಿನೆಂಟನೆಯ ಶತಮಾನದ ಯೂರೋಪಿನವರು ಬರೆದಿದ್ದಾರೆ. 45,000 ಮೊಟ್ಟೆ ಒಪ್ಪಿಸಿದರೆ 30,000 ಮರಿಗಳಿಗೆ ಅವರು ಹೊಣೆ. ಮಿಕ್ಕುದು ಅವರ ಲಾಭ. ರೆಪ್ಪೆಯ ಚರ್ಮವನ್ನು ನಂಬಿ ಇಂಥ ಕರಾರಿಗೆ ಒಪ್ಪಿದವರ ಧೈರ್ಯ ಸಾಮಾನ್ಯವಾದುದಲ್ಲ.

ಈ ಗುಟ್ಟನ್ನು ಬಿಡಿಸಲು ಹೊರಟವರಲ್ಲಿ ಪ್ರಮುಖನು ಫ್ರಾನ್ಸಿನ ರಿಯೋಮರ್. ಉಷ್ಣಮಾಪಕವೊಂದಕ್ಕೆ ಈತನ ಹೆಸರೇ ಇದ್ದಿತಷ್ಟೆ. 1749 ರಲ್ಲಿ ಈ ವಿಷಯವಾಗಿಯೇ ಗ್ರಂಥವನ್ನು ಪ್ರಕಟಿಸಿ, ಪೀಪಾಯಿಗಳನ್ನು ಬಿಸಿಗೊಬ್ಬರದಲ್ಲಿ ಹುಗಿದು, ಅವುಗಳಲ್ಲಿ ಮೊಟ್ಟೆಗಳನ್ನಿರಿಸಿ ಮರಿಮಾಡಿದನು. ರೆಪ್ಪೆ ಮಾಡುತ್ತಿದ್ದ ಕೆಲಸ ಗಾಜಿನ ನಳಿಗೆಗೆ ವರ್ಗವಾಯಿತು. 1777 ರಲ್ಲಿ ಬೊನ್ನೆಮೇನ್ ಎಂಬಾತನು ಬಿಸಿನೀರನ್ನು ಕೊಳವೆಗಳಲ್ಲಿ ಹರಿಸುವ ಉಪಾಯವನ್ನು ತಂದನು. 1879 ರಲ್ಲಿ ಕ್ಯಾಲಿಫೋರ್ನಿಯದ ಪೆಟಲೂಮ ಎಂಬ ಊರಿನಲ್ಲಿ ಬೈಸ್ ಮತ್ತು ಡಯಸ್ ಎಂಬವರು ರಚಿಸಿದ ಯಂತ್ರದಿಂದ ಆ ಊರೇ ಕೋಳಿಯ ವ್ಯಾಪಾರಕ್ಕೆ ಹೆಸರಾಯಿತು.

ಇನ್ನು ಕೋಳಿಯ ಮಾತು. ಕಾವಿಗೆ ಕೂತ ಹೇಂಟೆ ಮೊಟ್ಟೆಯಿಡುವುದಿಲ್ಲ. ಮರಿಗಳನ್ನು ಮೇಯಿಸುವಾಗಲೂ ಇಡುವುದಿಲ್ಲ. ಯಂತ್ರವಿದ್ದ ಮೇಲೆ ಈ ವಿರಾಮವೇಕೆಂದು ಸಾಕುವವನಿಗೆ ತೋರುವುದು ಸಹಜ. ನಮ್ಮ ಹಳ್ಳಿಗಳಲ್ಲಿಯೂ ಅಕಾಲದ ಕಾವನ್ನು ಬಿಡಿಸಲು ಹೇಂಟೆಯನ್ನು ತಣ್ಣೀರಿನಲ್ಲಿ ಅದ್ದುವುದುಂಟು. ಆದರೆ ಅದು ಆ ಹೊತ್ತಿನ ಚಿಕಿತ್ಸೆ. ಪಶ್ಚಿಮದ ತಳಿಗಾರರು ಕಾವಿಗೆ ಕೂರುವ ಹೇಂಟೆಗಳನ್ನು ತಲೆತಲಾಂತರದಿಂದ ಬೇರ್ಪಡಿಸಿ, ಕೂರದವುಗಳ ಸಂತಾನವನ್ನೇ ಬೆಳೆಸಿದರು. ಬಿಳಿ ಲೆಗ್‌ಹಾರ್ನ್ ಜಾತಿ ಅದರ ಫಲ: ಮೊಟ್ಟೆಯಲ್ಲಿ ಧಾರಾಳ, ಕಾವಿನಲ್ಲಿ ಬಹುಮಟ್ಟಿಗೆ ಶೂನ್ಯ. ಯಂತ್ರ ನಿಂತರೆ ಆ ಕುಲವೂ ನಿಲ್ಲಬೇಕು. ತಾಯ್ತನವನ್ನು ದೋಷಗಳ ಪಟ್ಟಿಯಲ್ಲಿ ಸೇರಿಸಿದ ಈ ಲೆಕ್ಕ ನಮಗೆ ಪೂರ್ತಿ ಒಪ್ಪಿಗೆಯಾಗದು. ವ್ಯಾಪಾರಿಗೆ ಅದು ನಿಜವಾದ ಲೆಕ್ಕ. ಆದರೆ ಹಿತ್ತಲಲ್ಲಿ ನಾಲ್ಕು ಕೋಳಿ ಸಾಕುವ ಬಡ ಹೆಂಗಸಿಗೆ, ಹಣ ಕೊಡದೆ ಹತ್ತು ಮರಿ ಎಬ್ಬಿಸಿಕೊಡುವ ಹೇಂಟೆಯೇ ಬಂಡವಾಳ. ಆಕೆಯ ಕೋಳಿ ಇನ್ನೂ ತನ್ನ ವಿದ್ಯೆಯನ್ನು ಮರೆತಿಲ್ಲ.

ಈಜಿಪ್ಟಿನಲ್ಲಿಯೂ ಹಳೆಯ ಕಾವುಮನೆಗಳು ಅಳಿದುಹೋಗಲಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2009 ರಲ್ಲಿ ಪ್ರಕಟಿಸಿದ ಸಮೀಕ್ಷೆ ಅವು ಇನ್ನೂ ನಡೆಯುತ್ತಿದ್ದುದನ್ನು ದಾಖಲೆಮಾಡಿತು. ಸಗಣಿಯ ಬೆಂಕಿಯ ಸ್ಥಾನಕ್ಕೆ ಹಲವೆಡೆಗಳಲ್ಲಿ ಸೀಮೆಎಣ್ಣೆಯ ದೀಪ ಬಂದಿದ್ದಿತು, ಅನಿಲ ಬಂದಿದ್ದಿತು. ಇಪ್ಪತ್ತೊಂದು ದಿನಗಳು ಮಾತ್ರ ಇಪ್ಪತ್ತೊಂದಾಗಿಯೇ ಉಳಿದಿದ್ದವು.