ಒಳಕಿವಿಗೆ ಇಳಿದ ತಂತಿ

ಕಿವಿಯ ಶಸ್ತ್ರಚಿಕಿತ್ಸೆ ಬಹುಕಾಲ ನಡುಗಿವಿಯವರೆಗೆ ಬಂದು ನಿಂತಿತ್ತು. 1956ರಲ್ಲಿ ಅಮೆರಿಕದ ಜಾನ್ ಶೇ, ಅಲುಗಾಡದಂತೆ ಅಂಟಿಕೊಂಡಿದ್ದ ಸ್ಟೇಪಿಸ್ ಮೂಳೆಯನ್ನು ತೆಗೆದು ಟೆಫ್ಲಾನಿನ ಪುಟ್ಟ ಮೂಳೆ ಕೂರಿಸಿದರು. ಸೂಕ್ಷ್ಮದರ್ಶಕದ ಬೆಂಬಲದಿಂದ ಬೆಳೆದ ಆ ವಿದ್ಯೆ ಅಸಂಖ್ಯಾತರಿಗೆ ಕಿವಿ ಮರಳಿಸಿತು. ಆದರೆ ಒಳಕಿವಿಯ ರೋಮಕೋಶಗಳೇ ಸತ್ತವರಿಗೆ ಅದರಿಂದ ಏನೂ ಆಗುವಂತಿರಲಿಲ್ಲ.

1957ರಲ್ಲಿ ಪ್ಯಾರಿಸ್ಸಿನ ಜೂರ್ನೊ ಮತ್ತು ಏರಿಯೆಸ್, ಪೂರ್ತಿ ಕಿವುಡಾಗಿದ್ದ ರೋಗಿಯೊಬ್ಬರ ಶ್ರವಣನರಕ್ಕೆ ನೇರವಾಗಿ ವಿದ್ಯುತ್ ಹಾಯಿಸಿದರು. ರೋಗಿಗೆ ಸದ್ದು ಕೇಳಿಸಿತು, ಮಾತು ತಿಳಿಯಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ ವಿಲಿಯಂ ಹೌಸ್ 1961ರಿಂದ ಇದೇ ಕೆಲಸಕ್ಕೆ ಇಳಿದರು. ಅವರ ಒಂಟಿ ಎಲೆಕ್ಟ್ರೋಡಿನ ಸಾಧನದಿಂದ ಲಯ ಗೊತ್ತಾಗುತ್ತಿತ್ತು, ತುಟಿಯ ಚಲನೆ ನೋಡಿ ಮಾತು ಗ್ರಹಿಸುವವರಿಗೆ ಆಸರೆ ಸಿಗುತ್ತಿತ್ತು.

ಒಳಕಿವಿಯ ಸುರುಳಿಯಾದ ಕಾಕ್ಲಿಯಾದ ಬುಡ ತೀಕ್ಷ್ಣ ಸ್ವರವನ್ನು, ತುದಿ ಮಂದ್ರ ಸ್ವರವನ್ನು ಗ್ರಹಿಸುತ್ತದೆ. ಹಾಗಿದ್ದ ಮೇಲೆ ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಎಲೆಕ್ಟ್ರೋಡು ಬೇಕು. ಮೆಲ್ಬರ್ನ್‌ನ ಗ್ರೇಮ್ ಕ್ಲಾರ್ಕ್ ಹಿಡಿದದ್ದು ಈ ದಾರಿ. ಅವರ ತಂದೆಗೂ ಕಿವಿ ಮಂದ. ಸುರುಳಿಯೊಳಗೆ ತಂತಿ ಆಳಕ್ಕೆ ಹೋಗದೆ ಕಂಗೆಟ್ಟಿದ್ದಾಗ, ಕಡಲತೀರದಲ್ಲಿ ಶಂಖದೊಳಗೆ ಹುಲ್ಲಿನ ಎಸಳು ತೂರಿಸಿ ನೋಡಿದರು. ತುದಿ ಮೆತ್ತಗೆ, ಬುಡ ಗಟ್ಟಿ ಇದ್ದ ಎಸಳು ಸಲೀಸಾಗಿ ಒಳಹೋಯಿತು. 1978ರಲ್ಲಿ ಅವರು ಹಲವು ಎಲೆಕ್ಟ್ರೋಡುಗಳ ಇಂಪ್ಲಾಂಟ್ ಅಳವಡಿಸಿದರು. ವಿಯೆನ್ನಾದಲ್ಲಿ ಇಂಗೆಬೋರ್ಗ್ ಮತ್ತು ಎರ್ವಿನ್ ಹೊಖ್‌ಮೈರ್ ದಂಪತಿ ಸ್ವತಂತ್ರವಾಗಿ ಇಂಥದೇ ಸಾಧನ ಕಟ್ಟಿದ್ದರು.

ನನ್ನ ಮಟ್ಟಿಗೆ ದೊಡ್ಡ ಜಿಗಿತ ಆಪರೇಷನ್ ಥಿಯೇಟರಿನ ಹೊರಗೆ ಆದದ್ದು. ಎಲ್ಲ ಎಲೆಕ್ಟ್ರೋಡುಗಳೂ ಒಟ್ಟಿಗೆ ಮಿಡಿದರೆ ವಿದ್ಯುತ್ ಒಂದರೊಳಗೊಂದು ಬೆರೆತು ಮಾತು ಕಲಸಿಹೋಗುತ್ತದೆ. ಅವು ಒಂದಾದ ಮೇಲೊಂದರಂತೆ ಅತಿವೇಗವಾಗಿ ಮಿಡಿಯುವ ಕ್ರಮವನ್ನು ಬ್ಲೇಕ್ ವಿಲ್ಸನ್ 1991ರಲ್ಲಿ ಪ್ರಕಟಿಸಿದರು. ಅಲ್ಲಿಂದ ಮುಂದೆ ತುಟಿ ನೋಡದೆಯೂ ಮಾತು ಅರ್ಥವಾಗುವುದು ಬಹಳಷ್ಟು ಮಂದಿಗೆ ಸಾಧ್ಯವಾಯಿತು. ಕ್ಲಾರ್ಕ್, ಇಂಗೆಬೋರ್ಗ್ ಹೊಖ್‌ಮೈರ್ ಮತ್ತು ವಿಲ್ಸನ್ 2013ರಲ್ಲಿ ಲಾಸ್ಕರ್ ಪ್ರಶಸ್ತಿ ಹಂಚಿಕೊಂಡರು.

ಶಸ್ತ್ರವೈದ್ಯರ ಕೈಯೂ ಹಗುರಾಯಿತು. ಮೊದಲು ಅಳಿದುಳಿದ ಶ್ರವಣ ನಾಶವಾದರೂ ಸರಿ ಎಂಬಂತಿತ್ತು. ಈಗ ತೆಳುವಾದ ಎಲೆಕ್ಟ್ರೋಡನ್ನು ನಿಧಾನವಾಗಿ ಇಳಿಸಿ, ಇರುವಷ್ಟು ಶ್ರವಣವನ್ನು ಉಳಿಸಲು ನೋಡುತ್ತಾರೆ. ಉಳಿದರೆ ಒಂದೇ ಕಿವಿಗೆ ಇಂಪ್ಲಾಂಟ್ ಜೊತೆ ಶ್ರವಣಸಾಧನವೂ ಕೆಲಸಕ್ಕೆ ಬರುತ್ತದೆ.

ಮಕ್ಕಳ ವಿಷಯದಲ್ಲಿ ಫಲಿತಾಂಶ ನಿರ್ಧರಿಸುವುದರಲ್ಲಿ ವಯಸ್ಸಿನ ಪಾತ್ರ ಬಹಳ ದೊಡ್ಡದು. ಅಮೆರಿಕದಲ್ಲಿ 1990ರಲ್ಲಿ ಎರಡು ವರ್ಷ ತುಂಬಿದವರಿಗೆ ಮಾತ್ರ ಇದ್ದ ಇಂಪ್ಲಾಂಟಿನ ಅನುಮತಿ 2020ರ ಹೊತ್ತಿಗೆ ಒಂಬತ್ತು ತಿಂಗಳಿಗೆ ಇಳಿಯಿತು. ಮಿದುಳು ಭಾಷೆ ಕಲಿಯುವ ಕಾಲ ಯಾರಿಗೂ ಕಾಯುವುದಿಲ್ಲ. ಇಂಪ್ಲಾಂಟ್ ಹಾಕಿದ ಮೇಲೂ ಮಗು ಕೇಳುವುದನ್ನು ಕಲಿಯಬೇಕು. ಅದಕ್ಕೆ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ತರಬೇತಿ ಬೇಕು. 1965ರಲ್ಲಿ ಹುಟ್ಟಿದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಾಲಾಪೂರ್ವ ಕೇಂದ್ರದಲ್ಲಿ ಮಕ್ಕಳ ಜೊತೆ ತಾಯಂದಿರಿಗೂ ಪಾಠವಾಗುತ್ತದೆ. ಆ ತಾಯಂದಿರ ಶ್ರಮಕ್ಕೆ ಶಸ್ತ್ರವೈದ್ಯರ ಕೌಶಲದಷ್ಟೇ ಬೆಲೆಯಿದೆ.

ನಮ್ಮಲ್ಲಿ ಕೊರತೆ ಇರುವುದು ಬೇಗ ಗುರುತಿಸುವುದರಲ್ಲಿ. “ಅವರಪ್ಪನೂ ತಡವಾಗೇ ಮಾತಾಡಿದ್ದು” ಎಂಬ ಸಮಾಧಾನದಲ್ಲಿ ಅಮೂಲ್ಯ ವರ್ಷಗಳು ಕಳೆದುಹೋಗುತ್ತವೆ. ಆರೋಗ್ಯವಂತ ಒಳಕಿವಿ ತಾನೇ ಸಣ್ಣ ಸದ್ದು ಹೊಮ್ಮಿಸುತ್ತದೆಂದು 1978ರಲ್ಲಿ ಡೇವಿಡ್ ಕೆಂಪ್ ತೋರಿಸಿದರು. ಅದನ್ನೇ ಆಧರಿಸಿದ ಪರೀಕ್ಷೆಯನ್ನು ಮಲಗಿರುವ ಕೂಸಿಗೆ ಕೆಲವೇ ನಿಮಿಷಗಳಲ್ಲಿ, ನೋವಿಲ್ಲದೆ ಮಾಡಬಹುದು. ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ಖಚಿತ ನಿರ್ಣಯ, ಆರರೊಳಗೆ ಚಿಕಿತ್ಸೆ ಶುರು – ತಜ್ಞರು ಹೇಳುವ ಗಡುವು ಇದು. ಹೆರಿಗೆಯಾದ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಮಾಡಿದ್ದಾರೆಯೇ ಎಂದು ಕೇಳಿ. ಮಾಡಿರದಿದ್ದರೆ ಮೊದಲ ಲಸಿಕೆಗಳ ಹೊತ್ತಿಗಾದರೂ ಮಾಡಿಸಿ.